ನೂರು ಎಡಗಾಲು

ನಾನು ಒಂದು ಹವಾಯಿ ಚಪ್ಪಲಿ. ಎಂಟನೇ ನಂಬರ್, ನೀಲಿ ಪಟ್ಟಿ, ಎಡಗಾಲಿನದು. ಎಡಗಾಲಿನದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಬದುಕಿನ ಫಜೀತಿಯೆಲ್ಲ ಅದರಿಂದಲೇ ಶುರುವಾಯಿತು.

ನಾನು ಹುಟ್ಟಿದ್ದು ಒಂದು ತಗಡಿನ ಶೆಡ್ಡಿನಲ್ಲಿ. ರಬ್ಬರ್ ಹಾಳೆಯ ಮೇಲೆ ಅಚ್ಚು ದಡಕ್ಕನೆ ಬಿತ್ತು. ಅದು ಮೇಲೆದ್ದಾಗ ನಾನು ಇದ್ದೆ. ಅಲ್ಲಿಯ ಪದ್ಧತಿಯಂತೆ ಎಡದವು ಒಂದು ಚೀಲಕ್ಕೆ, ಬಲದವು ಇನ್ನೊಂದಕ್ಕೆ. ಆಮೇಲೆ ಮೇಜಿನ ಸುತ್ತ ಕೂತ ಹೆಂಗಸರು ಜೋಡಿ ಮಾಡಬೇಕು. ನಮ್ಮ ಸರದಿ ಮೇಜಿನವರೆಗೆ ಬರಲೇ ಇಲ್ಲ. ಕಡ್ಲಿಹಾಳದ ಸಂತ್ರಸ್ತರಿಗೆ ಚಪ್ಪಲಿ ಬೇಕಂತೆ, ಗಾಡಿ ಬಾಗಿಲಲ್ಲಿ ನಿಂತಿದೆ ಎಂದು ಯಾರೋ ಕೂಗಿದರು. ಎರಡೂ ಚೀಲಗಳ ಬಾಯಿ ಕಟ್ಟಿ ಗಾಡಿಗೆ ಎಸೆದರು. ಪುಣ್ಯದ ಕೆಲಸಕ್ಕೆ ಅವಸರ ಇರಬೇಕಾದ್ದೇ. ಆದರೂ ಯಾರಾದರೂ ಒಮ್ಮೆ ಒಳಗೆ ಇಣುಕಬಹುದಿತ್ತು.

ಕಡ್ಲಿಹಾಳ ಬಿಸಿಲ ಸೀಮೆಯ ಊರು. ಒಂದು ಮೆರವಣಿಗೆ ಯಾವ ದಾರಿಯಿಂದ ಹೋಗಬೇಕೆಂಬ ಮಾತಿಗೆ ಜಗಳ ಹತ್ತಿ, ಮೂರು ದಿನದಲ್ಲಿ ಅಲ್ಲಿ ಎರಡು ಓಣಿ ಸುಟ್ಟುಹೋಗಿದ್ದವು. ಮೇಲಿನ ಓಣಿಯ ಹಿಂದೂಗಳು ಹೆಣ್ಣುಮಕ್ಕಳ ಶಾಲೆಯಲ್ಲಿ ತಂಗಿದ್ದರು. ಕೆಳಗಿನ ಓಣಿಯ ಮುಸಲ್ಮಾನರು ಊರಿನ ಇನ್ನೊಂದು ತುದಿಯ ಹತ್ತಿ ಗೋದಾಮಿನಲ್ಲಿದ್ದರು. ನಡುವೆ ಪೊಲೀಸರಿದ್ದರು.

ಪರಿಹಾರದ ಉಸ್ತುವಾರಿ ಹೊತ್ತ ಸಾಹೇಬರು ಒಳ್ಳೆಯವರು, ಆದರೆ ಪಕ್ಷಪಾತ ಎಂಬ ಮಾತು ಕೇಳಿದರೆ ಬೆವರುತ್ತಿದ್ದರು. ಆ ಕಡೆ ಒಂದು ಬಕೆಟ್ ಹೋದರೆ ಈ ಕಡೆಗೂ ಅದೇ ಬಣ್ಣದ್ದೇ ಹೋಗಬೇಕು.

"ಎರಡು ಚೀಲ ಬಂದಾವಿಲ್ಲೋ? ಅಲ್ಲೊಂದು, ಇಲ್ಲೊಂದು ಕೊಡ್ರಿ," ಎಂದರು ಸಾಹೇಬರು. "ಬಿಚ್ಚಬ್ಯಾಡ್ರಿ! ಬಿಚ್ಚಿದ್ರ ಆರಿಸಿ ಕೊಟ್ರು ಅಂತಾರ."

ಹೀಗೆ ನಾನು ಶಾಲೆಗೆ ಬಂದೆ.

ಚೀಲ ಬಿಚ್ಚಿದವಳು ನೀಲಗಂಗವ್ವ. ಐವತ್ತೈದು ದಾಟಿದ ವಿಧವೆ, ಮದುವೆ ಮನೆಗಳಿಗೆ ರೊಟ್ಟಿ ಬಡಿದು ಕೊಡುವವಳು. ಬೆಂಕಿ ಬಿದ್ದ ದಿನ ಓಡುವಾಗ ಕಾದ ತಗಡು ತುಳಿದು ಆಕೆಯ ಬಲ ಅಂಗಾಲು ಸುಟ್ಟಿತ್ತು.

"ಇದು ಎಡದ್ದು," ಎಂದಳು ಆಕೆ, ಮೊದಲನೆಯದನ್ನು ಎತ್ತಿ. "ಇದೂ ಎಡದ್ದು. ಇದೂ..."

"ಬಲದವು ತಳದಾಗ ಇರತಾವು, ಹುಡುಕು," ಎಂದರು ಭಜನಾ ಮಂಡಳಿಯ ಹಿರಿಯ ಗುರುಸಿದ್ದಪ್ಪನವರು.

ತಳದಲ್ಲಿದ್ದದ್ದು ನಾನು. ಆಕೆ ನನ್ನನ್ನು ತಿರುಗಿಸಿ ತಿರುಗಿಸಿ ನೋಡಿದಳು. ನಾನೇನು ಮಾಡಲಿ?

ಗುರುಸಿದ್ದಪ್ಪನವರು ಸೋಲು ಒಪ್ಪುವ ಜಾತಿಯವರಲ್ಲ. ಎರಡು ಎಡ ಚಪ್ಪಲಿ ಮೆಟ್ಟಿಕೊಂಡು ಗಂಭೀರವಾಗಿ ನಳದ ಕಡೆ ಹೊರಟರು. ಬಲಗಾಲಿನ ಕಿರುಬೆರಳು ಹೊರಗೆ ಬಂದು ಕಾದ ನೆಲ ಮುಟ್ಟಿದಾಗಲೆಲ್ಲ ಒಂದು ಸಣ್ಣ ಜಿಗಿತ. ಹಾಗೆ ಜಿಗಿಯುತ್ತ ಜಿಗಿಯುತ್ತ ನಳ ಬಿಟ್ಟು ಬಿಸಿಯೂಟದ ಕೋಣೆ ತಲುಪಿದರು. ಶಾಲೆಗೆ ಬಂದಮೇಲೆ ಜನ ನಕ್ಕದ್ದು ಅದೇ ಮೊದಲು.

ನಗು ಬಹಳ ಹೊತ್ತು ಉಳಿಯಲಿಲ್ಲ. ಗುರುವಾರ ಮೇಲಿನ ಓಣಿಯ ಪಂಚನಾಮೆ. ಸುಟ್ಟ ಮನೆಯ ಮುಂದೆ ಮನೆಯವರೇ ನಿಂತು ತೋರಿಸಬೇಕು. ನಿಲ್ಲದವರ ಮನೆ ಪಟ್ಟಿಗೆ ಸೇರದು. ಶಾಲೆಯಿಂದ ಎರಡು ಮೈಲಿ ಕಾದ ಡಾಂಬರು, ಓಣಿಯೊಳಗೆ ಒಡೆದ ಗಾಜು ಮತ್ತು ಮೊಳೆ. ಗಾಡಿ ಯಾರ ಹತ್ತಿರವೂ ಇರಲಿಲ್ಲ; ಇದ್ದರೂ ಓಣಿಯೊಳಗೆ ಹೋಗುವಂತಿರಲಿಲ್ಲ.

ನೀಲಗಂಗವ್ವ ಸಾಹೇಬರ ಹತ್ತಿರ ಕುಂಟುತ್ತ ಹೋದಳು. ಅವರು ಹಣೆ ಒರೆಸಿಕೊಂಡರು.

"ಗೋದಾಮಿನಾವ್ರೂ ಬಂದು ಹೇಳ್ಯಾರವಾ, ಅಲ್ಲಿ ಬರೇ ಬಲಗಾಲಿನವ ಅದಾವಂತ. ಆದ್ರ ಅವ್ರದು ತಗೊಂಡು ನಿಮಗ ಕೊಟ್ರ ಪಕ್ಷಪಾತ. ನಿಮ್ದು ತಗೊಂಡು ಅವ್ರಿಗೆ ಕೊಟ್ರೂ ಪಕ್ಷಪಾತ. ಮ್ಯಾಲಿನವ್ರಿಗೆ ಬರದೀನಿ. ಉತ್ತರ ಬರೂತನ ಯಾರ ಚಪ್ಪಲೀನೂ ಅಲುಗಾಡಬಾರ್ದು."

"ಉತ್ತರ ಬರೂದ್ರಾಗ ಕಾಲೇ ಉಳಿಯೂದಿಲ್ರೀ ಸಾಹೇಬ್ರ," ಎಂದು ಆಕೆ ಹಿಂದಿರುಗಿದಳು. ಬಂದವಳೇ ಚಪ್ಪಲಿಗಳನ್ನೆಲ್ಲ ಮತ್ತೆ ಚೀಲಕ್ಕೆ ತುಂಬತೊಡಗಿದಳು.

"ಆ ಮಂದಿ ಕಡೆ ಚಪ್ಪಲಿ ಬೇಡಾಕ ಹೊಂಟಿಯೇನು?" ಗುರುಸಿದ್ದಪ್ಪನವರು ಗುಡುಗಿದರು. "ನಿನ್ನ ಮನಿ ಸುಟ್ಟಾವ್ರು ಅವ್ರು!"

"ಅವ್ರ ಮನಿ ಸುಟ್ಟಾವ್ರು ಯಾರು, ಯಣ್ಣಾ?"

ಗುರುಸಿದ್ದಪ್ಪನವರಿಗೆ ಏನೋ ಕೆಮ್ಮು ಬಂತು.

ಎರಡೂ ಕಡೆಗೆ ಹೋಗುತ್ತಿದ್ದದ್ದು ನೀರಿನ ಟ್ಯಾಂಕರ್ ಒಂದೇ. ಆಕೆ ಡ್ರೈವರನ ಪಕ್ಕ ಹತ್ತಿ ಕೂತಳು. ನಾನು ಆಕೆಯ ಎಡಗಾಲಲ್ಲಿದ್ದೆ. ಬಾಯಿ ಜೋರಾಗಿದ್ದರೂ ಕಾಲ್ಬೆರಳು ನನ್ನ ಪಟ್ಟಿಯನ್ನು ಬಿಗಿಯಾಗಿ ಹಿಡಿದಿತ್ತು. ಅದು ನನಗೊಬ್ಬನಿಗೇ ಗೊತ್ತು. ನಾಕಾದಲ್ಲಿ ಪೇದೆ ತಡೆದು ಚೀಲದಲ್ಲಿ ಏನಿದೆ ಎಂದು ಕೇಳಿದ.

"ತೊಂಬತ್ತೊಂಬತ್ತು ಎಡಗಾಲು," ಎಂದಳು ಆಕೆ. ಪೇದೆಯ ಮುಖ ಬಿಳುಚಿಕೊಂಡದ್ದು ನೋಡಿ ಸೇರಿಸಿದಳು: "ನೂರನೇದು ನನ್ನ ಕಾಲಾಗೈತಿ."

ಆಕೆ ಗೋದಾಮಿನಲ್ಲಿ ಇಳಿದಳು. ಹಣೆಯ ವಿಭೂತಿಯಿಂದಲೇ ಯಾವ ಕಡೆಯವಳೆಂದು ಎಲ್ಲರಿಗೂ ತಿಳಿಯಿತು. ಕೆಲವರು ಎದ್ದು ನಿಂತರು. ಅಷ್ಟರಲ್ಲಿ ಗುಂಪು ಸೀಳಿಕೊಂಡು ಒಬ್ಬ ಮುದುಕರು ಬಂದರು, ಎರಡೂ ಕಾಲಿಗೆ ಬಲ ಚಪ್ಪಲಿ ಹಾಕಿ ಜಿಗಿಯುತ್ತ ಜಿಗಿಯುತ್ತ. ನೀಲಗಂಗವ್ವನಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗಿಟ್ಟು ಹೇಳಿದಳು: "ಮಾಫ್ ಮಾಡ್ರಿ ಕಾಕಾ. ನಮ್ಮಲ್ಲೂ ಒಬ್ರು ಹಿಂಗ ಜಿಗ್ಯಾಕತ್ಯಾರ."

ಅವರು ಬಂದಗಿಸಾಬರು, ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಚೀಲ ನೋಡಿದ್ದೇ ತಡ, ಜನರನ್ನು ಸಾಲಾಗಿ ನಿಲ್ಲಿಸಲು ಶುರುಮಾಡಿದರು. "ಒಬ್ಬೊಬ್ರ ಬರ್ರಿ! ಆರನೇ ನಂಬರ್ ಮುಂದ ಬರ್ರಿ! ಬಾಗಲದಾಗ ನಿಲ್ಲಬ್ಯಾಡ್ರಿ!" ಗೋದಾಮಿಗೆ ಬಾಗಿಲೇ ಇರಲಿಲ್ಲ.

ಆಗ ಅವರ ಹೆಂಡತಿ ಚಾಂದಬಿ ಕೂಗಿದಳು. "ತಡೀರಿ. ನೂರು ಎಡ, ನೂರು ಬಲ ಸೇರಿದ್ರ ನೂರು ಜೋಡಿ. ಎರಡೂ ಕಡೆ ಸೇರಿ ಮಂದಿ ಇನ್ನೂರು. ಉಳಿದ ನೂರು ಮಂದಿ ಏನ್ ಹಾರಕೋತ ಹೋಗೂದೇನು?"

ಇದು ಯಾರಿಗೂ ಹೊಳೆದಿರಲಿಲ್ಲ. ಬಂದಗಿಸಾಬರು ಗಡ್ಡ ಕೆರೆದುಕೊಂಡರು.

"ನಿಮ್ಮ ಪಂಚನಾಮೆ ಯಾವತ್ತವಾ?"

"ನಾಳೆ. ಗುರುವಾರ."

"ನಮ್ದು ಶುಕ್ರವಾರ. ಹಂಗಾದ್ರ ಬಸ್ಸು ಒಂದ, ಟ್ರಿಪ್ಪು ಎರಡು! ನಾಳೆ ನೂರೂ ಜೋಡಿ ನೀವು ಹಾಕ್ರಿ. ನಾಡಿದ್ದು ಮುಂಜಾನೆ ನೂರೂ ಇಲ್ಲಿ ಇರಬೇಕು."

"ತಿರುಗಿ ಕೊಡ್ತಾರಂತ ಏನ್ ಗ್ಯಾರಂಟಿ?" ಹಿಂದಿನಿಂದ ಒಬ್ಬ ಕೇಳಿದ. ಕೇಳಬೇಕಾದ ಮಾತೇ ಅದು.

ನೀಲಗಂಗವ್ವನ ಹತ್ತಿರ ಒತ್ತೆ ಇಡಲು ಏನೂ ಇರಲಿಲ್ಲ. "ನಾ ನೀಲಗಂಗವ್ವ. ಮ್ಯಾಲಿನ ಓಣಿ. ಬರ್ತೀನಿ," ಎಂದಳು.

ಬಂದಗಿಸಾಬರು ಆಕೆಯ ಮುಖ ನೋಡಿದರು, ಬಟ್ಟೆ ಸುತ್ತಿದ ಕಾಲು ನೋಡಿದರು. ಆಮೇಲೆ ಬಲಗಾಲಿನ ಚೀಲವನ್ನೂ ಹತ್ತಿಸಿ, ಟ್ಯಾಂಕರನ್ನು ಎರಡು ಸಲ ತಟ್ಟಿ, "ರೈಟ್, ರೈಟ್!" ಎಂದರು.

ಗುರುವಾರ ನೂರು ಜನ ನೀಲಿ ಚಪ್ಪಲಿ ಮೆಟ್ಟಿ ಚಟಪಟ ಸದ್ದು ಮಾಡುತ್ತ ನಡೆದರು. ನೀಲಗಂಗವ್ವ ತನ್ನ ಕರಿ ಗೋಡೆಗಳ ಮುಂದೆ ನಿಂತಳು. ಆಕೆಯ ಮನೆ ಪಟ್ಟಿಗೆ ಸೇರಿತು.

ಸಂಜೆ ಚಪ್ಪಲಿ ಒಟ್ಟುಮಾಡಿದರೆ ಒಂದು ಜೋಡಿ ಕಡಿಮೆ. ಆಕೆ ಶಾಲೆಯನ್ನೆಲ್ಲ ಹುಡುಕಿ, ಕೊನೆಗೆ ಗುರುಸಿದ್ದಪ್ಪನವರ ಮುಂದೆ ಬಂದು ನಿಂತಳು. ಅವರು ಯಾವತ್ತೂ ಇಲ್ಲದಷ್ಟು ಬೇಗ ಮಲಗಿದ್ದರು.

"ಯಣ್ಣಾ, ತಲಿ ಸ್ವಲ್ಪ ಎತ್ತತೀರೇನು?"

"ಆ ಮಂದಿಗೆ ತಿರುಗಿ ಯಾಕ ಕೊಡಬೇಕು? ಅವ್ರು ಮುಟ್ಟಿದ್ದು ಅವು!"

"ಅವ್ರು ಮುಟ್ಟಿದ್ದನ್ನ ತಲಿ ಕೆಳಗ ಇಟಗೊಂಡು ಮಲಗೀರಲ್ಲ."

ಸುತ್ತಲಿದ್ದವರೆಲ್ಲ ನಕ್ಕರು. ಗುರುಸಿದ್ದಪ್ಪನವರು ಮುಖ ಊದಿಸಿಕೊಂಡೇ ತಲೆ ಎತ್ತಿದರು. ಲೆಕ್ಕ ನೂರಾಯಿತು.

ಶುಕ್ರವಾರ ಮುಂಜಾನೆ ಟ್ಯಾಂಕರಿನಿಂದ ಮೊದಲು ಇಳಿದದ್ದು ನೀಲಗಂಗವ್ವ, ಆಮೇಲೆ ನಾವು. ಆ ದಿನ ನನ್ನನ್ನು ಮೆಟ್ಟಿದವರು ಬಂದಗಿಸಾಬರು. ದಾರಿಯುದ್ದಕ್ಕೂ ಅವರು ಎಲ್ಲರನ್ನೂ ನಗಿಸಿದರು. ಓಣಿಯ ಕೊನೆಗೆ ಬಂದಾಗ ಹೆಜ್ಜೆ ನಿಂತಿತು. ಅಲ್ಲಿ ಗೋಡೆ ಕೂಡ ಇರಲಿಲ್ಲ.

"ಮನೆ ಎಲ್ರೀ?" ಪಟ್ಟಿ ಹಿಡಿದ ಅಧಿಕಾರಿ ಕೇಳಿದರು.

"ಅಡಿಗಿ ಮನ್ಯಾಗ ನಿಂತೀರಲ್ರೀ, ಸಾಹೇಬ್ರ," ಎಂದರು ಬಂದಗಿಸಾಬರು.

ಆ ಅಧಿಕಾರಿ ತಟ್ಟನೆ ಕೆಳಗೆ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ ಬೂಟು ಬಿಚ್ಚಿ ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತೇ ಬರೆದುಕೊಂಡರು.

ಮೇಲಿನವರ ಉತ್ತರ ಬಂದದ್ದು ನಾಲ್ಕು ತಿಂಗಳ ಮೇಲೆ: ಚಪ್ಪಲಿಗಳ ಕಾಲುವಾರು ವಿವರವನ್ನು ಮೂರು ಪ್ರತಿಗಳಲ್ಲಿ ಕಳಿಸತಕ್ಕದ್ದು. ಆ ಹೊತ್ತಿಗೆ ಓಣಿಗಳಲ್ಲಿ ಗೋಡೆಗಳು ಎದೆಮಟ್ಟ ಎದ್ದಿದ್ದವು.

ಎರಡು ಓಣಿಗಳೂ ಒಂದಾದವು ಎಂದು ಸುಳ್ಳು ಹೇಳಲಾರೆ. ಗುರುಸಿದ್ದಪ್ಪನವರು ಇಂದಿಗೂ ಕೆಳಗಿನ ಓಣಿಯ ದಾರಿ ಹಿಡಿಯುವುದಿಲ್ಲ. ಆದರೆ ಚಾಂದಬಿ ವಾರಕ್ಕೊಮ್ಮೆ ಬಂದು ನೀಲಗಂಗವ್ವನ ಕಟ್ಟೆಯ ಮೇಲೆ ಕೂತು, ಗಂಡನ ಬಗ್ಗೆ ದೂರು ಹೇಳಿ ಹಗುರಾಗಿ ಹೋಗುತ್ತಾಳೆ.

ನನಗೀಗ ವಯಸ್ಸಾಗಿದೆ. ಹಿಮ್ಮಡಿ ಸವೆದು ತೂತಾಗಿದೆ, ಪಟ್ಟಿಗೆ ಪಿನ್ನು ಚುಚ್ಚಿದ್ದಾರೆ. ಪಂಚನಾಮೆ ಮುಗಿದ ಮೇಲೆ ಬಂದಗಿಸಾಬರು ನನ್ನ ಜೋಡಿಯನ್ನು ನೀಲಗಂಗವ್ವನಿಗೇ ತಿರುಗಿ ಕೊಟ್ಟಿದ್ದರು; ಆಕೆಯ ಹೊಸ ಮನೆಯ ಹೊಸ್ತಿಲ ಹೊರಗೆ, ಗೋಡೆಯ ಮೂಲೆಯಲ್ಲಿ ನನ್ನ ಜಾಗ. ಈ ಮನೆಗಾಗಿ ಅಷ್ಟು ನಡೆದ ನಾನು ಅದರ ಒಳಗನ್ನು ಒಮ್ಮೆಯೂ ಕಂಡಿಲ್ಲ; ಚಪ್ಪಲಿಯನ್ನು ಯಾರು ಒಳಗೆ ಕರೆಯುತ್ತಾರೆ? ಕಿವಿಗೆ ಬಿದ್ದಷ್ಟೇ ನನಗೆ ಗೊತ್ತು. ಕುಕ್ಕರ್ ಕೂಗುತ್ತದೆ. ಮಂಚ ಎಳೆಯುವ ಸದ್ದಾಗುತ್ತದೆ. ಹೆಜ್ಜೆಗಳು ಅಡಿಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಡಿಗೆಮನೆಗೆ ನಿಧಾನವಾಗಿ ಓಡಾಡುತ್ತವೆ. ಯಾರೂ ಓಡಿಹೋಗುತ್ತಿಲ್ಲ.