ಹರಿಕೇನಿಗೆ ಕೆಮ್ಮಣ್ಣು

ದೊಡ್ಡಹಬ್ಬಕ್ಕೆ, ಅಂದರೆ ದೀಪಾವಳಿಗೆ, ಇನ್ನೊಂದು ವಾರ ಇದೆ ಎನ್ನುವಾಗ ರವೀಂದ್ರ ಹೆಗಡೆ ಕೂತಲ್ಲಿ ಕೂರುವುದನ್ನೇ ಬಿಟ್ಟ. ಬೆಳಿಗ್ಗೆ ಇಸಳೂರಿನ ಮನೆಯಿಂದ ಶಿರಸಿಯ ಅಂಗಡಿಗೆ ಹೋಗಿ ಶಟರ್ ಎತ್ತುವುದು, ಕಂಪ್ಯೂಟರಿನ ಮುಂದೆ ಕೂರುವ ಕಾವ್ಯಶ್ರೀಗೆ "ಈಗ ಬಂದೆ" ಎಂದು ಹೇಳಿ ಬೈಕು ತಿರುಗಿಸುವುದು, ಮನೆಗೆ ಬಂದು ಒಳಕೋಣೆಯ ಮೇಜಿನ ಮುಂದೆ ನಿಂತು ಅಲ್ಲಿರುವ ವಿಮಾನವನ್ನು ದಿಟ್ಟಿಸುವುದು, ಮತ್ತೆ ಬೈಕು ಹತ್ತುವುದು. ಪೆಟ್ರೋಲ್ ಪಂಪಿನವರಿಗೆ ಆ ವರ್ಷ ಹಬ್ಬ ಬೇಗ ಬಂದಿತ್ತು.

ವಿಮಾನವೆಂದರೆ ಮೊಳದುದ್ದವೂ ಇಲ್ಲದ ಪ್ಲಾಸ್ಟಿಕ್ಕಿನದು. ಎರಡನೇ ಮಹಾಯುದ್ಧದಲ್ಲಿ ನಮ್ಮವರೂ ಬರ್ಮಾದ ಕಾಡಿನ ಮೇಲೆ ಹಾರಿಸಿದ್ದ ಹರಿಕೇನ್ ಎಂಬ ಯುದ್ಧವಿಮಾನದ ಸಣ್ಣ ಮಾದರಿ. ಧಾರವಾಡದಲ್ಲಿ ಓದುವ ಮಗಳು ಅಭಿಜ್ಞಾ ಅಪ್ಪನ ಹುಟ್ಟಿದ ದಿನಕ್ಕೆಂದು ಆನ್‌ಲೈನಿನಲ್ಲಿ ತರಿಸಿ ಕಳಿಸಿದ್ದಳು. "ಅಪ್ಪ ಬ್ರಷ್ ಹಿಡಿದಿದ್ದು ನೋಡದೆ ಎಷ್ಟ್ ಕಾಲ ಆತು" ಎಂದು ಫೋನಿನಲ್ಲಿ ಹೇಳಿದ್ದಳು. ಪಾಪ, ಅವಳಿಗೇನು ಗೊತ್ತು.

ಒಂದು ಕಾಲಕ್ಕೆ ಶಿರಸಿಯಿಂದ ಆ ಕಡೆ ಸಿದ್ದಾಪುರ, ಈ ಕಡೆ ಯಲ್ಲಾಪುರ, ಯಾವ ಅಂಗಡಿಯ ಬೋರ್ಡು ನೋಡಿದರೂ ಕೆಳಗಿನ ಮೂಲೆಯಲ್ಲಿ 'ರವಿ ಆರ್ಟ್ಸ್' ಎಂದು ಇರುತ್ತಿತ್ತು. ಬಟ್ಟೆ ಅಂಗಡಿಯ ಅಕ್ಷರಕ್ಕೆ ಒಂದು ಬಳುಕು, ಔಷಧಿ ಅಂಗಡಿಯ ಅಕ್ಷರಕ್ಕೆ ಒಂದು ಗಾಂಭೀರ್ಯ. ಆಮೇಲೆ ಫ್ಲೆಕ್ಸ್ ಬಂತು. ಬೋರ್ಡು ಬರೆಯುವವರೆಲ್ಲ ಒಬ್ಬೊಬ್ಬರಾಗಿ ಬ್ರಷ್ಷು ತೊಳೆದಿಟ್ಟರು. ರವೀಂದ್ರ ಅವರಿಗಿಂತ ಜಾಣ, ತನ್ನ ಅನ್ನ ಕಸಿದ ಮಷೀನನ್ನೇ ಕೊಂಡು ಅಂಗಡಿಯಲ್ಲಿ ಇಟ್ಟುಕೊಂಡ. ಹೊಟ್ಟೆ ತುಂಬಿತು. ಆದರೆ ಕೈ ಇದೆಯಲ್ಲ, ಬೇಕೆಂದಾಗ ಬರೆಯಬಹುದು ಎಂಬ ಹೆಮ್ಮೆ ಮಾತ್ರ ಒಳಗೆ ಬೆಚ್ಚಗೆ ಕೂತಿತ್ತು.

ಆ ಕೈ ಈ ಮಳೆಗಾಲದಲ್ಲಿ ನಡುಗತೊಡಗಿತು.

ಮೊದಲು ಗೊತ್ತಾಗಿದ್ದು ಸೊಸೈಟಿಯಲ್ಲಿ ಸಹಿ ಹಾಕುವಾಗ. ಪೆನ್ನು ಕಾಗದಕ್ಕೆ ತಾಗುವ ಮುಂಚೆ ಗಾಳಿಯಲ್ಲೇ ಎರಡು ಸಲ ಅಲುಗಿತು. ಥಂಡಿಗೆ ಇರಬೇಕು ಎಂದುಕೊಂಡ. ಥಂಡಿ ಹೋಯಿತು, ನಡುಕ ಹೋಗಲಿಲ್ಲ. ಯಾವಾಗಲೂ ಇಲ್ಲ; ಏನಾದರೂ ಸೂಕ್ಷ್ಮವಾಗಿ ಮಾಡಹೊರಟಾಗಲೇ ಬರುತ್ತದೆ, ಬೇಕೆಂದೇ ಬಂದ ಹಾಗೆ. ಹೆಂಡತಿ ಜಯಾಳಿಗೆ ಹೇಳಲಿಲ್ಲ. ಎಪ್ಪತ್ತೆಂಟರ ತಾಯಿ ಸೀತಮ್ಮನಿಗೆ ಹೇಳುವ ಮಾತೇ ಇಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಹೆದರಿಕೆ ಐವತ್ತು ದಾಟಿದ ಗಂಡಸರಿಗೆ ಇರುವುದೇ.

ಇದೇ ಹೊತ್ತಿಗೆ ಕಾನಸೂರಿನ ಕಡೆಯ ಒಂದು ಶಾಲೆಯ ಹಳೇ ವಿದ್ಯಾರ್ಥಿ ಸಂಘದ ವೈಭವ ಅಂಗಡಿಗೆ ಬಂದ. ಶಾಲೆಗೆ ಎಪ್ಪತ್ತೈದು ತುಂಬುತ್ತದೆ, ಈವರೆಗಿನ ಹೆಡ್‌ಮಾಸ್ತರರ ಹೆಸರನ್ನೆಲ್ಲ ಸಾಗವಾನಿ ಹಲಗೆಯ ಮೇಲೆ ಚಿನ್ನದ ಬಣ್ಣದಲ್ಲಿ ಬರೆಸಬೇಕು. "ಫ್ಲೆಕ್ಸ್ ಬ್ಯಾಡ ರವಿಯಣ್ಣ. ಕೈಬರಹವೇ ಆಗವು. ಮೀಟಿಂಗಲ್ಲಿ ಎಲ್ಲರೂ ನಿಮ್ಮ ಹೆಸರೇ ಹೇಳಿದ್ದ" ಎಂದ. ರವೀಂದ್ರನ ಕಿವಿಯ ತುದಿ ಬಿಸಿಯಾಯಿತು. ಎಷ್ಟೋ ವರ್ಷಗಳ ಮೇಲೆ ಯಾರೋ ಅವನ ಮಷೀನನ್ನಲ್ಲ, ಅವನ ಕೈಯನ್ನು ಕೇಳಿಕೊಂಡು ಬಂದಿದ್ದರು. ಹಬ್ಬದೊಳಗೆ ಹೇಳುತ್ತೇನೆ ಎಂದು ಕಳಿಸಿದ.

ಅಂದಿನಿಂದ ಆ ವಿಮಾನ ಆಟದ ಸಾಮಾನಾಗಿ ಉಳಿಯಲಿಲ್ಲ, ಪರೀಕ್ಷೆಯಾಯಿತು. ಇದರ ಮೇಲೆ ಬರೆಯಲು ಬಂದರೆ ಹಲಗೆಯ ಮೇಲೂ ಬರುತ್ತದೆ. ಇಲ್ಲಿ ಸೋತರೆ ಕೈ ಹೋಯಿತು.

ಅಂಟಿಸುವ ಕೆಲಸ ಹೇಗೋ ನಡೆಯಿತು. ಬಿಡಿಭಾಗಗಳನ್ನು ಕತ್ತರಿಸಿ, ಅಂಚನ್ನು ಮರಳು ಕಾಗದದಲ್ಲಿ ಉಜ್ಜಿ, ರೆಕ್ಕೆ ಕೂರಿಸಿ, ಚಕ್ರದ ಕಾಲು ನಿಲ್ಲಿಸಿದ. ಮೈಬಣ್ಣವೂ ಸುಲಭವಾಯಿತು. ಹಸಿರು ಮತ್ತು ಕಂದು, ಕಾಡಿನ ಮೇಲೆ ಕಾಣಿಸದಿರಲಿ ಎಂದು ಅಡ್ಡಾದಿಡ್ಡಿ ಬಳಿಯುವುದು. ಅದರಲ್ಲಿ ಕೈ ನಡುಗಿದರೆ ಯಾರಿಗೆ ಗೊತ್ತಾಗಬೇಕು? ಕಷ್ಟವಿದ್ದಿದ್ದು ರೆಕ್ಕೆಯ ಮೇಲಿನ ವೃತ್ತಗಳಲ್ಲಿ. ಒಂದು ರೂಪಾಯಿ ನಾಣ್ಯದಷ್ಟು ಅಗಲದ ಕಡುನೀಲಿ, ಅದರ ನಡುವೆ ತಿಳಿನೀಲಿ ಬೊಟ್ಟು. ಬೇರೆ ಕಡೆಯ ವಿಮಾನಗಳಿಗೆ ನಡುವೆ ಕೆಂಪು ಇರುತ್ತಿತ್ತಂತೆ. ಬರ್ಮಾದಲ್ಲಿ ಮಾತ್ರ ಕೆಂಪನ್ನು ತೆಗೆದಿದ್ದರು, ಜಪಾನಿನವರ ಗುರುತು ಕೆಂಪು ವೃತ್ತವಾದ್ದರಿಂದ; ನಮ್ಮವರೇ ನಮ್ಮವರನ್ನು ಹೊಡೆದುಹಾಕಬಾರದಲ್ಲ. ಇದನ್ನು ಅಭಿಜ್ಞಾ ಓದಿ ಹೇಳಿದ್ದಳು. ರವೀಂದ್ರ ಎರಡು ದಿನ ಅದನ್ನೇ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ.

ಪೆಟ್ಟಿಗೆಯಲ್ಲಿ ನೀರಿನಲ್ಲಿ ನೆನೆಸಿ ಅಂಟಿಸುವ ವೃತ್ತದ ಸ್ಟಿಕ್ಕರು ಇದ್ದವು. ಅವನ್ನು ಹರಿದು ಒಲೆಗೆ ಹಾಕಿದ. ಟೇಪು ಅಂಟಿಸಿ ವೃತ್ತ ಕೊರೆದುಕೊಂಡು ಬಣ್ಣ ತುಂಬು ಎಂದಳು ಮಗಳು ಫೋನಿನಲ್ಲಿ. ಹಾಗೆ ಮಾಡಿದರೆ ಟೇಪು ಪಾಸಾದ ಹಾಗಾಯಿತೇ ಹೊರತು ತಾನಲ್ಲ. ಬರಿಗೈಯಲ್ಲೇ ಬರೆಯಹೊರಟ. ಬ್ರಷ್ಷು ರೆಕ್ಕೆಗೆ ತಾಗುವ ಮುಂಚೆ ತುದಿ ಜಿಗಿಯಿತು. ಒರೆಸಿದ. ಮತ್ತೆ ಬರೆದ, ಮತ್ತೆ ಒರೆಸಿದ. ಎದ್ದು ಬೈಕು ಹತ್ತಿದ.

ಒಂದು ದಿನ ಹಾಗೆ ಹತ್ತಿದವನು ಯಲ್ಲಾಪುರದವರೆಗೂ ಹೋಗಿಬಿಟ್ಟ. ಅಲ್ಲಿ ಅಂದಾನಪ್ಪ ಇದ್ದಾನೆ. ಹಾವೇರಿ ಕಡೆಯವನು, ಇವನಷ್ಟೇ ಹಳೆಯ ಬೋರ್ಡು ಬರಹಗಾರ. ಕೈ ನಡುಗಿದ್ದುಂಟೇ, ಏನು ಮಾಡಿದೆ ಎಂದು ಅವನನ್ನು ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದ.

"ಬರ್ರಿ ಹೆಗಡೇರ, ಕುಂಡ್ರಿ. ಎಷ್ಟ್ ದಿನಾತು ನೋಡಿ" ಎಂದು ಅಂದಾನಪ್ಪ ಚಹಾ ತರಿಸಿದ. "ಕಾನಸೂರ ಕಡೆ ಹಲಗಿ ಬರಿಯೂದು ನಿಮಗ ಬಂದೈತಂತಲ್ಲ. ಚಲೋ ಆತು ಬಿಡ್ರಿ. ನಮ್ಮ ಪೈಕಿ ಕೈ ಉಳಿಸಿಕೊಂಡವ್ರು ನೀವೊಬ್ರ."

ಆ ಮಾತು ಕೇಳಿದ ಮೇಲೆ ಕೇಳುವುದೇನು ಉಳಿಯಿತು? ರವೀಂದ್ರ ಚಹಾದ ಲೋಟವನ್ನು ಎಡಗೈಯಲ್ಲಿ ಎತ್ತಿ ಕುಡಿದು, ಹವಾಮಾನದ ಸುದ್ದಿ ಮಾತಾಡಿ, ಬಂದ ದಾರಿಯಲ್ಲೇ ವಾಪಸಾದ. ಮನೆಗೆ ಬಂದಾಗ ಜಯಾ ಬಾಗಿಲಲ್ಲೇ ಇದ್ದಳು.

"ಎಲ್ಲಿಗೆ ಹೋಗಿದ್ರಿ?"

"ಯಲ್ಲಾಪುರಕ್ಕೆ."

"ಎಂತಕ್ಕೆ?"

"ಸುಮ್ನೆ."

ಜಯಾ ಒಂದು ಕ್ಷಣ ಅವನ ಮುಖ ನೋಡಿದಳು. ಯಲ್ಲಾಪುರಕ್ಕೆ ಸುಮ್ಮನೆ ಹೋಗಿಬರುವ ಮನುಷ್ಯನನ್ನು ಅವಳು ಕಟ್ಟಿಕೊಂಡಿರಲಿಲ್ಲ. ಆದರೂ ಊಟಕ್ಕೆ ಬನ್ನಿ ಎಂದಷ್ಟೇ ಹೇಳಿ ಒಳಗೆ ಹೋದಳು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಕೈ ಮಾತು ಕೇಳಿತು. ಅಥವಾ ಕೇಳಿತು ಎಂದು ಅವನಿಗೆ ಅನಿಸಿತು. ಮೊಣಕೈಯನ್ನು ಮೇಜಿಗೆ ಊರಿ, ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ನಡುಕ ಬಂದು ಹೋಗುವ ನಡುವಿನ ಸಂದಿಯಲ್ಲಿ ಒಂದೊಂದೇ ಎಳೆಯಾಗಿ ಎಳೆಯುತ್ತ ಬಂದ. ಬಲರೆಕ್ಕೆಯ ವೃತ್ತ ಮುಗಿಯಿತು. ಎಡರೆಕ್ಕೆಯದೂ ಮುಗಿಯಿತು. ಕನ್ನಡಕ ಒರೆಸಿಕೊಂಡು ದೂರದಿಂದ ನೋಡಿದ, ಹತ್ತಿರದಿಂದ ನೋಡಿದ. ಗುಂಡಗೇ ಇತ್ತು. ಬ್ರಷ್ಷು ತೊಳೆಯುವ ಮುಂಚೆಯೇ ವೈಭವನಿಗೆ ಫೋನು ಮಾಡಿ, "ಹಬ್ಬ ಮುಗದ ಕೂಡ್ಲೆ ಬತ್ತೆ. ಹಲಗೆ ಪಾಲಿಶ್ ಮಾಡ್ಸಿ ಇಡು" ಎಂದುಬಿಟ್ಟ. ಆ ದಿನ ಊಟಕ್ಕೆ ಕೂತವನು ಎರಡು ಸಲ ಅನ್ನ ಹಾಕಿಸಿಕೊಂಡ. ಸೀತಮ್ಮ ಖುಷಿಯಾಗಿ ಸೊಸೆಯ ಕಡೆ ನೋಡಿದರು.

ಮರುದಿನ ದೊಡ್ಡಹಬ್ಬ. ಸೀತಮ್ಮ ಬೆಳಕು ಹರಿಯುವಷ್ಟರಲ್ಲಿ ಒಂದು ಬಟ್ಟಲಲ್ಲಿ ಕೆಮ್ಮಣ್ಣು, ಇನ್ನೊಂದರಲ್ಲಿ ಬಿಳಿ ಜೇಡಿಮಣ್ಣು ಕದಡಿಕೊಂಡು ಹೊರಟಿದ್ದರು. ಗೋಪೂಜೆಯ ದಿನ ಕೊಟ್ಟಿಗೆಯ ಹಸುವಿನ ಮೈಮೇಲೆ, ಅಕ್ಕಿ ಅಳೆಯುವ ಸಿದ್ದೆಯ ಬಾಯನ್ನು ಮಣ್ಣಿನಲ್ಲಿ ಅದ್ದಿ ಗುಂಡಗೆ ಅಚ್ಚು ಒತ್ತುವುದು ಈ ಕಡೆಯ ಪದ್ಧತಿ. ಸೀತಮ್ಮನ ಕೈಗೆ ಅದ್ದಿದ ಸಿದ್ದೆ ಸಿಕ್ಕರೆ ಹಸುವಿಗೆ ನಿಲ್ಲುವುದಿಲ್ಲ. ಕತ್ತಿ, ಗುದ್ದಲಿ, ಬೈಕು, ಮಿಕ್ಸಿ, ಮನೆಯವರಿಗೆ ದುಡಿದು ಕೊಡುವ ಎಲ್ಲಕ್ಕೂ ಒಂದೊಂದು ಅಚ್ಚು ಬೀಳಲೇಬೇಕು. ಹೋದ ವರ್ಷ ಇನ್ವರ್ಟರಿಗೂ ಒತ್ತಿ ಬೈಸಿಕೊಂಡಿದ್ದರು.

ರವೀಂದ್ರ ಸ್ನಾನ ಮುಗಿಸಿ ಒಳಕೋಣೆಗೆ ಬಂದಾಗ ಮೇಜಿನ ಮೇಲೆ ವಿಮಾನ ಇರಲಿಲ್ಲ. ಜಗಲಿಯಲ್ಲಿ ಕತ್ತಿ ಗುದ್ದಲಿಗಳ ಸಾಲಿನಲ್ಲಿ, ಮೂತಿಗೆ ಒಂದು ಚೆಂಡುಹೂವು ಸಿಕ್ಕಿಸಿಕೊಂಡು ಕೂತಿತ್ತು. ಎರಡೂ ರೆಕ್ಕೆಯ ಮೇಲೆ ಅವನ ನೀಲಿ ವೃತ್ತದ ಸುತ್ತ, ಇನ್ನೂ ಹಸಿಯಾಗಿ, ಕೆಮ್ಮಣ್ಣಿನ ದೊಡ್ಡ ವೃತ್ತ.

"ಆಯಿ, ಎಂತ ಮಾಡಿಟ್ಟಿದ್ದೆ ಇದು?"

ಸೀತಮ್ಮ ಹಸುವಿನ ಹಗ್ಗ ಹಿಡಿದು ಅಂಗಳದಿಂದಲೇ ಹೇಳಿದರು. "ಬೈಕಿಗೆ ಹಾಕಿದ್ದೆ, ಮಿಕ್ಸಿಗೆ ಹಾಕಿದ್ದೆ. ವಿಮಾನ ಒಂದು ಎಂತ ಪಾಪ ಮಾಡಿತ್ತು ತಮಾ? ಸಿದ್ದೆ ದೊಡ್ಡ ಆಗ್ತು ಹೇಳಿ ಮಂಡಿನೋವಿನ ಮುಲಾಮಿನ ಮುಚ್ಚಳ ಹುಡುಕಿ ಒತ್ತಿದ್ದೆ. ಎಷ್ಟ್ ಚೆಂದ ಗುಂಡಗೆ ಬಂಜು ನೋಡು."

"ಅದು ಜಪಾನಿನವ್ರ ಗುರುತು. ಎಲ್ಲ ಹಾಳು ಮಾಡಿದೆ ನೀನು. ಎಷ್ಟ್ ದಿನದ ಕೆಲಸ ಹೇಳಿ ಗೊತ್ತಿದ್ದಾ ನಿಂಗೆ?"

ಅವನು ತಾಯಿಯ ಮೇಲೆ ದನಿ ಎತ್ತಿದ್ದು ಜಯಾ ಮದುವೆಯಾಗಿ ಬಂದ ಮೇಲೆ ಕೇಳಿರಲಿಲ್ಲ. ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಸೀತಮ್ಮನ ಮುಖ ಸಣ್ಣದಾಯಿತು. ಜಪಾನಿನವರಿಗೂ ತನ್ನ ಮುಲಾಮಿನ ಮುಚ್ಚಳಕ್ಕೂ ಏನು ಸಂಬಂಧವೋ ಅವರಿಗೆ ತಿಳಿಯಲಿಲ್ಲ.

ರವೀಂದ್ರ ಒದ್ದೆ ಬಟ್ಟೆ ತಂದು, ವಿಮಾನವನ್ನು ಎತ್ತಿ ಬೆಳಕಿಗೆ ಹಿಡಿದ. ಒರೆಸಲು ಕೈ ಮುಂದೆ ಮಾಡಿದವನು ಅಲ್ಲೇ ನಿಂತ.

ತಾಯಿ ಒತ್ತಿದ ವೃತ್ತ ಅಚ್ಚುಕಟ್ಟಾಗಿ ಗುಂಡಗಿತ್ತು. ಮುಚ್ಚಳದ ಅಂಚು ಅದು, ಗುಂಡಗಿರದೆ ಎಲ್ಲಿಗೆ ಹೋದೀತು. ಅದರ ಒಳಗೆ ಅವನ ವೃತ್ತ ಕೂತಿತ್ತು. ಎರಡರ ನಡುವಿನ ಸಂದಿ ಒಂದು ಕಡೆ ಅಕ್ಕಿಕಾಳಿನಷ್ಟು, ಮುಂದೆ ಕೂದಲೆಳೆಯಷ್ಟು, ಮತ್ತೆ ಅಗಲ, ಮತ್ತೆ ಸಣ್ಣ. ನೀಲಿಯ ಅಂಚು ಒಳಗೆ ಹೋಗುತ್ತ ಹೊರಗೆ ಬರುತ್ತ ಸುತ್ತು ಹಾಕಿತ್ತು. ಇನ್ನೊಂದು ರೆಕ್ಕೆಯನ್ನು ನೋಡಿದ. ಅದು ಇನ್ನೂ ಕೆಟ್ಟದಾಗಿತ್ತು. ನಿನ್ನೆ ಒಂಟಿಯಾಗಿದ್ದಾಗ ಗುಂಡಗೆ ಕಂಡಿದ್ದು ಇಂದು ನಿಜವಾದ ಗುಂಡಿನ ಪಕ್ಕದಲ್ಲಿ ಮುಚ್ಚುಮರೆಯಿಲ್ಲದೆ ಸೊಟ್ಟಗಿತ್ತು. ಇಪ್ಪತ್ತು ವರ್ಷ ಬೇರೆಯವರ ಅಕ್ಷರದ ಸೊಟ್ಟು ಹುಡುಕಿದ ಕಣ್ಣು ಅವನದು. ಅದಕ್ಕೆ ಇನ್ನು ಮೋಸ ಮಾಡಲಾಗಲಿಲ್ಲ.

ಬಟ್ಟೆ ಹಿಡಿದ ಕೈ ಈಗ ಎಲ್ಲರೆದುರಿಗೇ ನಡುಗುತ್ತಿತ್ತು. ವಿಮಾನವನ್ನು ಕೆಳಗಿಡುವಾಗ ಚಕ್ರದ ಒಂದು ಕಾಲು ಮುರಿದು ರೆಕ್ಕೆಯೂರಿ ಕೂತಿತು. ಅವನು ಅದನ್ನು ಎತ್ತಲಿಲ್ಲ. ಜಗಲಿಯ ಮೆಟ್ಟಿಲ ಮೇಲೆ ಕುಸಿದು ಕೂತ.

"ಜಯಾ, ಎನ್ನ ಕೈ ನಡುಗ್ತು."

ಅವಳು ಹತ್ತಿರ ಬಂದಳು. "ಯಾವಾಗಿಂದ?"

"ಮಳೆಗಾಲ ಶುರುವಾದಾಗಿಂದ."

"ಇಷ್ಟ್ ದಿನ ಒಬ್ರೇ ಮನಸಲ್ಲಿ ಇಟ್ಕಂಡಿದ್ರಾ?" ಜಯಾಳಿಗೆ ಸಿಟ್ಟು ಬಂದಿತ್ತು, ಅದು ಅಳುವಿನ ಪಕ್ಕದಲ್ಲೇ ಇರುವ ಸಿಟ್ಟು. "ಯಲ್ಲಾಪುರಕ್ಕೆ ಹೋಪಲೆ ಆತು. ಒಳಗಿದ್ದವಳ ಹತ್ರ ಹೇಳಲೆ ಆಯ್ದಿಲ್ಲೆ. ಹಬ್ಬ ಮುಗಿಲಿ, ಹುಬ್ಬಳ್ಳಿಗೆ ಹೋಪನ. ಡಾಕ್ಟ್ರು ನೋಡ್ಲಿ."

"ಡಾಕ್ಟ್ರು ನೋಡ್ತ. ಹಲಗೆ ಬರೀತೆ ಹೇಳಿ ನಿನ್ನೆ ಒಪ್ಗಂಡಿದ್ದೆ ಆನು."

"ಆಗ್ತಿಲ್ಲೆ ಹೇಳಿ ಈಗ್ಲೇ ಫೋನ್ ಮಾಡಿ. ಅವೂ ಹಲಗೆ ಮುಂದಿಟ್ಗಂಡು ಕಾಯದು ಬ್ಯಾಡ."

ಅವಳು ಅಲ್ಲೇ ನಿಂತಿದ್ದಳು. ಅವಳ ಎದುರಿಗೇ ಅವನು ವೈಭವನಿಗೆ ಫೋನು ಹಚ್ಚಿದ. ಆ ಕಡೆಯಿಂದ ಹಸುಗಳ ಗಂಟೆಯ ಸದ್ದು, ಯಾರೋ ಜಾಗಟೆ ಬಡಿಯುವುದು ಕೇಳುತ್ತಿತ್ತು.

"ವೈಭವ, ಆ ಹಲಗೆ ಎನ್ನಿಂದ ಆಗ್ತಿಲ್ಲೆ. ಕೈ ನಡುಗ್ತು. ನಿನ್ನೆ ಹೇಳಿದ್ದು ತಪ್ಪಾತು."

ವೈಭವ ಒಳ್ಳೆಯ ಹುಡುಗ. "ಆರಾಮ ಮಾಡ್ಕಳಿ ರವಿಯಣ್ಣ, ಆರೋಗ್ಯ ಮೊದ್ಲು" ಎಂದ. ಆಮೇಲೆ ತಡೆದು ತಡೆದು ಹೇಳಿದ. "ಬೇರೆಯವ್ರು ಯಾರೂ ಇಲ್ಲೆ ಈಗ ಬರೆಯವ್ವು. ಹಂಗಾರೆ ಫ್ಲೆಕ್ಸೇ ಆಗ್ಲಿ. ನಿಮ್ಮ ಅಂಗಡಿಲೇ ಮಾಡ್ಕೊಡಿ ಅಕಾ?"

ರವೀಂದ್ರ ಅಂಗಳದ ಕಡೆ ನೋಡಿದ. ಸೀತಮ್ಮ ಇವರ ಕಡೆಗೆ ಬೆನ್ನು ಮಾಡಿ, ಬೈಸಿಕೊಂಡ ದುಃಖದಲ್ಲೇ, ಹಸುವಿನ ಮಗ್ಗುಲಿಗೆ ಒಂದಾದ ಮೇಲೊಂದು ಅಚ್ಚು ಒತ್ತುತ್ತಿದ್ದರು.

"ಆತು" ಎಂದ. "ಹೆಸರೆಲ್ಲ ವಾಟ್ಸಾಪ್ ಮಾಡು."

ಫೋನು ಇಟ್ಟ ಮೇಲೆ ಅಳು ಬಂತು. ತಡೆಯಲು ನೋಡಲಿಲ್ಲ. ಜಯಾ ಪಕ್ಕದಲ್ಲಿ ಕೂತು ಅವನ ಬಲಗೈಯನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಹಬ್ಬದ ಹೊಸ ಸೀರೆಯ ಮೇಲೆ ಅದು ನಡುಗುತ್ತಲೇ ಇತ್ತು. ಅವಳು ಒತ್ತಿ ಹಿಡಿಯಲಿಲ್ಲ, ನಡುಗಲು ಬಿಟ್ಟಳು.