ಕೌದಿ ಹೊದ್ದ ಕಾಂಕ್ರೀಟು

ಗೊಳಸಂಗಿಯಲ್ಲಿ ಒಮ್ಮೆ ಅಡ್ಡಹೆಸರು ಅಂಟಿತೆಂದರೆ ಮೊಮ್ಮಕ್ಕಳ ಕಾಲಕ್ಕೂ ಬಿಡುವುದಿಲ್ಲ. ಹಾಗಾಗಿ ಕಟ್ಟೆಯ ಮೇಲೆ ಕೂತವರು ತನ್ನನ್ನು "ಬಿರುಕಿನ ಅಯ್ಯ" ಎಂದದ್ದು ಕಿವಿಗೆ ಬಿದ್ದ ದಿನ ಚನ್ನಬಸಯ್ಯ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ತಪ್ಪು ಅವನದೇ, ಯಾರನ್ನು ಬೈಯುವುದು? ತೊಗರಿ ರಾಶಿಗೆ ಮುಂಚೆ ಬೇಳೆ ಮಿಲ್ಲು ಶುರುವೆಂದು ಊರಿಗೆಲ್ಲ ಡಂಗುರ ಸಾರಿದ್ದ. ಮಷೀನು ಕೂರಿಸಲು ಎದೆಮಟ್ಟದ ಕುಣಿ ತೋಡಿಸಿ, ಎಲ್ಲಕ್ಕಿಂತ ಬೇಗ ಗಟ್ಟಿಯಾಗುವ ಸಿಮೆಂಟು ತಂದು, ಇನ್ನೂ ಗಟ್ಟಿಯಾಗಲೆಂದು ಚೀಲದ ಮೇಲೆ ಚೀಲ ಸುರಿಸಿದ್ದ. ಆತುರಗಾರನಿಗೆ ಬುದ್ಧಿ ಮಟ್ಟ. ಮರುದಿನ ಕಾಂಕ್ರೀಟು ಕೈಯಿಟ್ಟರೆ ಸುಡುತ್ತಿತ್ತು. ಜ್ವರ ಬಂದ ಕೂಸಿಗೆ ತಣ್ಣೀರ ಬಟ್ಟೆ ಹಾಕುವವರಂತೆ, ಮಾಗಿಯ ಚಳಿಯಲ್ಲಿ ಅದರ ಮೇಲೆ ಕೊಡಗಟ್ಟಲೆ ತಣ್ಣೀರು ಹುಯ್ದ. ನಾಲ್ಕು ದಿನದಲ್ಲಿ ಅಡ್ಡಡ್ಡ ಬಿರುಕು ಬಿಟ್ಟಿತು.

ಮುದ್ದೇಬಿಹಾಳದಿಂದ ಬಂದ ಫಿಟ್ಟರ್ ಶಹಾಬುದ್ದೀನ ನೋಡಿ ತಲೆಯಾಡಿಸಿದ. "ಇದರ ಮ್ಯಾಲ ನಾ ಮಷೀನ್ ಕೂಡಸಂಗಿಲ್ರಿ ಅಯ್ಯನೋರ. ಒಡಸ್ರಿ."

ಕಾಲೇಜಿನಲ್ಲಿ ಸಿವಿಲ್ ಕಲಿಸುವ ಮಗಳು ಶೈಲಶ್ರೀ ಸುದ್ದಿ ಕೇಳಿ ಓಡಿ ಬಂದಳು.

"ಅಪ್ಪಾ, ಆ ಸಿಮೆಂಟ್ ಭಾಳ ಸಣ್ಣಗ ಬೀಸಿದ್ದು. ನೀರ ಕುಡದ ಕೂಡ್ಲೆ ಗಡಿಬಿಡಿಲೆ ಕಾವ ಬಿಡತೈತಿ. ತೆಳ್ಳಗಿದ್ರ ಕಾವು ಹೊರಗ ಹೋಗತಿತ್ತು, ಇದು ಎದಿಮಟ ದಪ್ಪ. ಒಳಗ ಹೊಟ್ಟಿ ಸುಡಾಕತ್ತಿತ್ತು, ನೀ ಮ್ಯಾಲ ತಣ್ಣೀರ ಹೊಯ್ದಿ. ಒಳಗಿಂದು ಹಿಗ್ಗತೈತಿ, ಹೊರಗಿಂದು ಕುಗ್ಗತೈತಿ. ಸೀಳದ ಏನ ಮಾಡೀತು?"

"ಮತ್ತೀಗೇನ ಮಾಡೂಣು?"

"ಕಲ್ಲಿದ್ದಲಿನ ಹಾರುಬೂದಿ ಬೆರಸಿದ ಸಿಮೆಂಟ್ ತರೂಣು. ಅದು ಸಾವಕಾಶ ಕಾಯತೈತಿ, ಸಾವಕಾಶ ಗಟ್ಟಿ ಆಗತೈತಿ. ಬೇಕಾದಷ್ಟ ಹಾಕೂಣು, ಹೆಚ್ಚಿಗಿ ಬ್ಯಾಡ. ಆಮ್ಯಾಲ ಬೆಚ್ಚಗ ಹೊಚ್ಚಿ ಇಡೂಣು, ಒಳಗ ಹೊರಗ ಕಾವು ಒಂದ ಸಮ ಇಳೀಲಿ."

"ಸುಡೂದಕ್ಕ ಹೊಚ್ಚತಾರೇನ? ಮಂದಿ ಏನಂದಾರು!" ಚನ್ನಬಸಯ್ಯ ಸಿಡುಕಿದ.

ಒಳಗಿಂದ ಹೆಂಡತಿ ಸಿದ್ದಲಿಂಗವ್ವ ಎಂದಳು, "ನಿಮಗ ಚಳಿಜ್ವರ ಬಂದಾಗ ನಾ ಕೌದಿ ಹೊಚ್ಚಲಿಲ್ಲೇನ್ರಿ? ಅವತ್ತೇನ ನೀವು ಸೀಳಿದ್ರ್ಯಾ?"

ಚನ್ನಬಸಯ್ಯ ಒಡೆಯುವವರನ್ನು ಕರೆಯಲು ಹೊರಟ.

ಹಳೆಯದನ್ನು ಒಡೆಸಿ ಹೊಸದಾಗಿ ಹಾಕಿದರು. ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮನೆಯ ಕೌದಿಗಳೆಲ್ಲ. ಬಣ್ಣಬಣ್ಣದ ಹಳೆ ಸೀರೆಯ ತುಂಡುಗಳನ್ನು ಹೊದ್ದು ಮಲಗಿದ ಕಾಂಕ್ರೀಟು ನೋಡಲು ಊರೇ ನೆರೆಯಿತು. "ಕೂಸಿಗಿ ಹೆಸರ ಏನಿಟ್ರಿ?" ಎಂದು ಕೇಳಿ ನಕ್ಕರು. ಚನ್ನಬಸಯ್ಯ ಮಾತ್ರ ಧೋತರ ಹೊದ್ದು ಗಡಗಡ ನಡುಗುತ್ತ ಮಲಗಿದ. ಕೌದಿ ಎತ್ತಿ ನೋಡಲು ಕೈ ತುರಿಸುತ್ತಿತ್ತು. ಮಗಳಿಗೆ ಹೆದರಿ ಸುಮ್ಮನಿದ್ದ. ಇನ್ನೊಮ್ಮೆ ಸೀಳಿದರೆ ಊರಲ್ಲಿ ತಲೆಯೆತ್ತಿ ತಿರುಗುವಂತಿರಲಿಲ್ಲ.

ಒಳಗಿನ ಕಾವು ಇಳಿದ ಮೇಲೆ ಶೈಲಶ್ರೀ ಒಂದೊಂದೇ ಕೌದಿ ತೆಗೆಸಿದಳು. ಶಹಾಬುದ್ದೀನ ಸುತ್ತಲೂ ತಿರುಗಿ, ಬಗ್ಗಿ, ಬಡಿದು ನೋಡಿದ.

"ಒಂದ ಕೂದಲೆಳಿಯಷ್ಟೂ ಬಿರಕಿಲ್ರಿ. ಮಷೀನ್ ತರಸ್ರಿ!"

ಚನ್ನಬಸಯ್ಯನ ಕಣ್ಣು ತುಂಬಿತು. ಧೂಳು ಎಂದು ಒರೆಸಿಕೊಂಡ.

ತೊಗರಿ ಬಂತು. ಮಿಲ್ಲಿನ ಬಾಗಿಲಲ್ಲಿ ಅವನು ನಿಂತಿದ್ದಾಗ, ಮೋರಟಗಿಯ ಟ್ರ್ಯಾಕ್ಟರಿನವನು ಕಟ್ಟೆಯವರಿಗೆ ಬೇಳೆ ಮಿಲ್ಲು ಎಲ್ಲೆಂದು ಕೇಳಿದ.

"ಕೌದಿ ಅಯ್ಯನೋರ್ದೇನ್ರಿ? ಅದ ನೋಡ್ರಿ, ಎದುರಿಗೆ ಐತಿ."

ಚನ್ನಬಸಯ್ಯನಿಗೆ ಸಿಟ್ಟು ನೆತ್ತಿಗೇರಿತು. ಹಿಂದೆಯೇ ನಗು ಉಕ್ಕಿ ಬಂತು. ಎರಡೂ ಕೈಯೆತ್ತಿ ಟ್ರ್ಯಾಕ್ಟರಿನವನನ್ನು ಕೂಗಿ ಕರೆದ:

"ಬರ್ರಿ, ಬರ್ರಿ! ಕೌದಿ ಅಯ್ಯ ನಾನ!"