ದೋಣಿಗೆ ಹಾಕಿದ ಮಿಂಚು

ಕಾಸರಕೋಡಿನಲ್ಲಿ ಕಮಲಿಯ ಎದುರು ಯಾವ ಸುದ್ದಿ ಬೇಕಾದರೂ ಎತ್ತಬಹುದು, ಅವಳ ಕಣ್ಣಿನ ಸುದ್ದಿಯೊಂದನ್ನು ಬಿಟ್ಟು. ಎತ್ತಿದವರ ಗ್ರಹಚಾರ ಬಿಡಿಸಿಯೇ ಕಳಿಸುತ್ತಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದು ಎಷ್ಟೋ ಕಾಲವಾಗಿತ್ತು. ಕುಮಟೆಯ ಡಾಕ್ಟರು ಆಪರೇಶನ್ ಆಗಲೇಬೇಕು ಅಂದಿದ್ದರು. "ಎಂತ ಆತು ನನ್ನ ಕಣ್ಣಿಗೆ? ಬಂಗಡೆ ಯಾವುದು ತಾರ್ಲೆ ಯಾವುದು ಅಂತ ಆ ಡಾಕ್ಟರಿಗೆ ಗೊತ್ತಾ?" ಎಂದು ಎದ್ದು ಬಂದಿದ್ದಳು. ಬಂಗಡೆ ಮೀನು, ತಾರ್ಲೆ ಮೀನು ಅವಳಿಗೆ ಗೊತ್ತಾಗುತ್ತಿದ್ದದ್ದು ಖರೆ. ಆದರೆ ಅವು ಬುಟ್ಟಿಯಲ್ಲಿದ್ದಾಗ. ಸಮುದ್ರದ ಮೇಲಿನ ದೋಣಿ ಅವಳಿಗೆ ಗೊತ್ತಾಗುತ್ತಿರಲಿಲ್ಲ.

ದಡದಲ್ಲಿ ಬುಟ್ಟಿ ಹಿಡಿದು ಕಾಯುವ ಹೆಂಗಸರಿಗೆ ಮೊದಲು ಕಾಣುವುದು ಮನುಷ್ಯರಲ್ಲ, ಬಣ್ಣ. ಆ ನೀಲಿ ಅವರದು, ಈ ಹಳದಿ ಇವರದು, ಹೀಗೆ. ಕಮಲಿಯ ಮನೆಯದು ಗಿಳಿಹಸಿರು, ನಡುವೆ ಹಳದಿ ಪಟ್ಟೆ. ಗಂಡ ಇದ್ದಾಗಿನಿಂದ ಅದೇ ಬಣ್ಣ. ಮರದ ದೋಣಿ ಹೋಗಿ ಫೈಬರ್ ದೋಣಿ ಬಂದರೂ ಬಣ್ಣ ಬದಲಾಗಲಿಲ್ಲ. ಒಂದು ಕಾಲದಲ್ಲಿ ಎಲ್ಲರಿಗಿಂತ ಮೊದಲು "ನಮ್ಮದು ಬಂತು" ಅನ್ನುತ್ತಿದ್ದವಳು ಅವಳೇ. ಆಮೇಲೆ ಬರಬರುತ್ತ ಯಾರ ದೋಣಿ ಬಂದರೂ ಎದ್ದು ಹೋಗತೊಡಗಿದಳು. ಒಂದು ದಿನ ಮೊಣಕಾಲು ನೀರಿಗೆ ಇಳಿದು, ದೋಣಿಯ ಮುಂದೆ ನಿಂತವನನ್ನು "ಗಂಜಿ ಆರಿ ತಣ್ಣಗಾತು, ಇಷ್ಟು ಹೊತ್ತು ಎಂತ ಮಾಡ್ತಿದ್ದೆ ಮಗನೆ?" ಎಂದು ಚೆನ್ನಾಗಿ ಬೈದಳು. ಅವನೋ ಕೊಂಕಣಿ ಮಾತಾಡುವ, ಹಲ್ಲಿಲ್ಲದ ಮುದುಕ. ದಡವಿಡೀ ಬಿದ್ದು ಬಿದ್ದು ನಕ್ಕಿತು. ಹಿಂದಿನ ದೋಣಿಯಲ್ಲಿ ಅವಳ ದೊಡ್ಡ ಮಗ ನಾಗ ಇದ್ದ. ಅವನೊಬ್ಬ ನಗಲಿಲ್ಲ. "ಅಮ್ಮಾ, ನಾ ಇಲ್ಲಿದ್ದೆ," ಎಂದು ಮೆತ್ತಗೆ ಕರೆದ.

ಆ ನಾಗ ಕಳೆದ ಚಳಿಗಾಲದಲ್ಲಿ ಹೋದ. ಶರಾವತಿ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ, ಬೆಳಕು ಹರಿಯುವ ಹೊತ್ತಿಗೆ, ದೋಣಿ ಮರಳದಿಬ್ಬಕ್ಕೆ ತಾಗಿ ಮಗುಚುವ ಹಾಗೆ ವಾಲಿತು. ಮುಂದೆ ನಿಂತಿದ್ದ ನಾಗ ನೀರಿಗೆ ಬಿದ್ದ. ಹಿಂದೆ ಎಂಜಿನ್ ಹಿಡಿದಿದ್ದ ತಮ್ಮ ಅನೂಪ ದೋಣಿ ತಿರುಗಿಸುವುದರೊಳಗೆ ಅಣ್ಣ ಇರಲಿಲ್ಲ. ಮಂಕಿಯ ತನಕ ಹುಡುಕಿದರು, ಕುಮಟೆಯ ಕಡೆಗೂ ಹುಡುಕಿದರು. ಹೆಣ ಸಿಗಲಿಲ್ಲ.

ಸಿಗಲಿಲ್ಲ ಅಂದರೆ ಸತ್ತಿಲ್ಲ ಎಂದಳು ಕಮಲಿ. ದಿನಕರ್ಮ ಮಾಡಿಸಲು ಬಿಡಲಿಲ್ಲ. ಗೋವೆ ಕಡೆಯ ಯಾವುದೋ ಬೋಟು ಎತ್ತಿಕೊಂಡು ಹೋಗಿರಬೇಕು, ತಲೆಗೆ ಪೆಟ್ಟು ಬಿದ್ದು ಊರು ಮರೆತಿರಬೇಕು, ಇಂದಲ್ಲ ನಾಳೆ ಬಂದು ದಡದಲ್ಲಿ ನಿಂತು ಹಸಿರು ದೋಣಿ ಹುಡುಕುತ್ತಾನೆ. ಇದು ಅವಳ ಲೆಕ್ಕಾಚಾರ. ಕೇಳಿದವರು ಹೌದು ಅಂತ ತಲೆಯಾಡಿಸಿ ಎದ್ದು ಹೋಗುತ್ತಿದ್ದರು. ತಾಯಿಯ ಬಾಯಿ ಮುಚ್ಚಿಸುವ ಧೈರ್ಯ ಯಾರಿಗಿತ್ತು.

ಮಳೆಗಾಲಕ್ಕೆ ದೋಣಿಗಳನ್ನೆಲ್ಲ ಮೇಲೆ ಎಳೆದಿಟ್ಟರು. ಬಣ್ಣ ಹೊಡೆಯುವುದೂ ಆಗಲೇ. ಮಳೆ ಸ್ವಲ್ಪ ಬಿಟ್ಟ ಒಂದು ಬೆಳಿಗ್ಗೆ ಕುಮಟೆಯಿಂದ ದೇವರಾಜ ಬಂದ. ಬೈಕಿಗೆ, ರಿಕ್ಷಾಕ್ಕೆ ಬಣ್ಣ ಹೊಡೆಯುವವನು. ನಾಗನ ಗೆಳೆಯ, ನಾಗನ ಬೈಕಿನ ಟ್ಯಾಂಕಿಗೆ ಮಿಂಚಿನ ಪುಡಿ ಹಾಕಿ ಕೆಂಪು ಬಣ್ಣ ಹೊಡೆದುಕೊಟ್ಟವನು. ತಗಡಿನ ಮಾಡಿನ ಕೆಳಗೆ ಕಂಪ್ರೆಸರ್ ಇಳಿಸಿ, ದೋಣಿಯ ಸುತ್ತ ತಾಡಪಾಲು ಕಟ್ಟಿ, ಹಳೆ ಬಣ್ಣ ಉಜ್ಜಲು ಶುರುಮಾಡಿದ.

ಉಜ್ಜುವ ಸದ್ದು ಕೇಳಿ ಕಮಲಿ ಬಂದಳು. ಮುಂಭಾಗದ ಹೊರಮೈಯ ಹಸಿರು ಆಗಲೇ ಹೋಗಿತ್ತು. ಅಷ್ಟು ಅವಳಿಗೂ ಕಂಡಿತು.

"ಯಾರು ಹೇಳಿದ್ರು ನಿಂಗೆ?"

"ನಾನೇ ಹೇಳಿದೆ ಅಮ್ಮಾ," ಅಂದ ಅನೂಪ. "ಕೆಂಪು ಹೊಡೆಸುವಾ, ಬೈಕಿನ ಟ್ಯಾಂಕಿನ ಹಾಗೆ. ಅಣ್ಣನಿಗೇ ಆಸೆ ಇತ್ತು."

"ಸತ್ತವರ ಹೆಸರು ಹೇಳಿ ಶೋಕಿ ಮಾಡ್ತೀಯಾ?" ಅಂದಳು ಕಮಲಿ. ತಾನೇ ಸತ್ತವರು ಅಂದದ್ದು ಕಿವಿಗೆ ಬಿದ್ದು ಇನ್ನೂ ಸಿಟ್ಟು ನೆತ್ತಿಗೇರಿತು. "ಅಣ್ಣನನ್ನ ನೀರಿಗೆ ಬಿಟ್ಟು ಬಂದೆ. ಈಗ ಅವ ಬಂದರೂ ಅವನಿಗೆ ಮನೆ ದೋಣಿ ಗುರುತು ಸಿಗಬಾರದು ಅಂತ ನಿಂಗೆ."

ಅನೂಪನ ಮುಖ ಬಿಳುಚಿತು. ಅವನು ತಾಡಪಾಲು ಸರಿಸಿ ಹೊರಗೆ ಹೋದ. ಹೇಳಬಾರದ್ದು ಹೇಳಿದೆ ಅಂತ ಕಮಲಿಗೂ ಗೊತ್ತಾಯಿತು. ಆದರೆ ಅವಳು ಹಿಂದೆಗೆಯುವ ಪೈಕಿಯವಳಲ್ಲ. ದೋಣಿಗೆ ಬೆನ್ನು ಕೊಟ್ಟು, ಕಾಲು ನೀಡಿ ಮರಳಿನಲ್ಲಿ ಕೂತುಬಿಟ್ಟಳು. ಉಜ್ಜುವುದಾದರೆ ತನ್ನನ್ನೂ ಸೇರಿಸಿ ಉಜ್ಜಲಿ ಅಂದಳು.

ದೇವರಾಜ ಉಜ್ಜುವ ಕಾಗದ ಕೆಳಗಿಟ್ಟ. ಕೈ ಒರೆಸಿಕೊಂಡು ಅವಳ ಪಕ್ಕ ಬಂದು ಕೂತ.

"ಕಮಲಕ್ಕ, ಇದು ನಿಮ್ಮ ಹತ್ರ ಹೇಳಬಾರದು ಅಂತ ನಾಗ ನನ್ನಿಂದ ಆಣೆ ಹಾಕಿಸಿಕೊಂಡಿದ್ದ. ಅನೂಪನಿಗೂ ಪೂರ್ತಿ ಗೊತ್ತಿಲ್ಲ. ಆದರೆ ಇನ್ನು ನಂಗೆ ತಡೆಯೋದಿಲ್ಲ."

"ಎಂತ?"

"ಅಮ್ಮನಿಗೆ ದೋಣಿ ಕಾಣೋದಿಲ್ಲ ಮಾರಾಯ ಅಂದ. ಬೇರೆಯವರ ದೋಣಿ ಹತ್ರ ಹೋಗಿ ನಿಲ್ತಾಳೆ, ಎಲ್ಲ ನಗ್ತಾರೆ, ನಂಗೆ ಹೊಟ್ಟೆ ಉರೀತದೆ ಅಂದ. ಕಣ್ಣಿನ ಸುದ್ದಿ ತೆಗೆದರೆ ಹೊಡೆಯೋಕೆ ಬರ್ತಾಳೆ. ಆದರೆ ನನ್ನ ಬೈಕಿನ ಟ್ಯಾಂಕು ಮಾತ್ರ ಅವಳಿಗೆ ಶರಾವತಿ ಸೇತುವೆ ಹತ್ರ ಇರುವಾಗಲೇ ಕಾಣ್ತದೆ. ದೋಣಿಗೂ ಅದನ್ನೇ ಹೊಡೆದುಕೊಡು, ಬಿಸಿಲಿಗೆ ದೂರದಿಂದಲೇ ಮಿಂಚಬೇಕು, ಅಮ್ಮ ಇನ್ನು ದಡದಲ್ಲಿ ಯಾರ ಎದುರೂ ಸಣ್ಣವಳಾಗಬಾರದು ಅಂದ. ಪುಡಿಯ ಡಬ್ಬಿ ಅವನೇ ತಂದಿಟ್ಟದ್ದು. ಆವತ್ತಿಂದ ನನ್ನ ಅಂಗಡಿಯಲ್ಲೇ ಅದೆ."

ಕಮಲಿ ಸೆರಗಿನ ಅಂಚು ಮುದುಡುತ್ತ ಕೂತಳು. ಬೈಕು ದೂರದಿಂದ ಮಿಂಚುತ್ತದೆ ಅಂತ ತಾನೇ ಹೇಳಿದ್ದು ನೆನಪಾಯಿತು. ಆಗ ನಾಗ "ಹೌದಾ ಅಮ್ಮಾ, ಅಷ್ಟು ದೂರದಿಂದ ಕಾಣ್ತದಾ?" ಎಂದು ಮತ್ತೆ ಮತ್ತೆ ಕೇಳಿದ್ದ. ತನ್ನ ಬೈಕಿನ ಬಗ್ಗೆ ಹುಡುಗನಿಗೆ ಹೆಮ್ಮೆ ಅಂದುಕೊಂಡಿದ್ದಳು.

"ನಂಗೇ ಹೇಳಬಹುದಿತ್ತಲ್ಲ, ಮುಂಡೇದು," ಅಂದಳು.

"ಹೇಳಿದ್ರೆ ಕೇಳ್ತಿದ್ರಾ?"

ಕೇಳುತ್ತಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಮಗ ಹೋದ ಮೇಲೆ ಜನರೆದುರು ಒಂದು ಹನಿ ಕಣ್ಣೀರು ಹಾಕದಿದ್ದವಳು ಆಗ ಅತ್ತಳು. ಎದೆ ಬಡಿದುಕೊಂಡು, ನಾಗಾ, ಮಗನೇ ಎಂದು ಕರೆದು ಅತ್ತಳು. ಬದುಕಿರುವವರಿಗಾಗಿ ಯಾರೂ ಹಾಗೆ ಅಳುವುದಿಲ್ಲ. ಹೊರಗಿದ್ದ ಅನೂಪ ಓಡಿ ಬಂದು ಅವಳನ್ನು ಹಿಡಿದುಕೊಂಡ. ಅವಳು ಅವನ ಕೆನ್ನೆ ಸವರಿ, "ನೀ ಬಿಟ್ಟು ಬರಲಿಲ್ಲ ಮಗಾ, ಸಮುದ್ರ ಕೊಡಲಿಲ್ಲ," ಅಂದಳು. ಆಮೇಲೆ ತಾನೇ ಎದ್ದು ದೋಣಿಯಿಂದ ದೂರ ಸರಿದು ನಿಂತಳು. ದೋಣಿಯ ಒಳಗಡೆ, ನಾಗ ನಿಲ್ಲುತ್ತಿದ್ದ ಜಾಗದ ಹಸಿರು ಮಾತ್ರ ಹಾಗೇ ಬಿಡು ಎಂದು ದೇವರಾಜನಿಗೆ ಹೇಳಿದಳು. ಅವನು ಆತು ಅಂದ.

ದೇವರಾಜ ಮೊದಲು ಬೆಳ್ಳಿಬಣ್ಣ ಹೊಡೆದ. ಅದು ಒಣಗಿದ ಮೇಲೆ ಕೆಂಪು ಮಿಂಚಿನ ಪುಡಿ ಕಲಸಿ ಸ್ಪ್ರೇ ಗನ್ನಿನಲ್ಲಿ ಹೊಡೆದ. ಮೇಲಿಂದ ಗಾಜಿನಂಥ ವಾರ್ನಿಷ್ ಹಚ್ಚಿ ಉಜ್ಜಿದ, ಮತ್ತೆ ಹಚ್ಚಿದ. ಮಳೆ ಬಂದಾಗೆಲ್ಲ ಕೆಲಸ ನಿಲ್ಲಿಸಿ ಕಾದ. ಅಷ್ಟು ದಿನವೂ ಕಮಲಿ ಅವನಿಗೆ ಮೀನು ಸಾರು ಮಾಡಿ ಬಡಿಸಿದಳು. ಉಪ್ಪು ಜಾಸ್ತಿಯಾದರೂ ಅವನು ಬಾಯಿಬಿಡಲಿಲ್ಲ.

ಮಳೆ ಇಳಿದ ಮೇಲೆ ದೋಣಿಗೆ ಪೂಜೆ ಮಾಡಿ ನೀರಿಗೆ ಇಳಿಸಿದರು. ಅನೂಪನ ಜೊತೆಗೆ, ನಾಗನ ಜಾಗಕ್ಕೆ, ಮಂಕಿಯ ಲಿಂಗಪ್ಪ ಬಂದ. ಕಮಲಿ ಎಂದಿನ ಹಾಗೆ ಬುಟ್ಟಿ ಹಿಡಿದು ದಡದಲ್ಲಿ ಕೂತಳು. ಬಿಸಿಲು ಏರುವ ಹೊತ್ತಿಗೆ, ಬೂದಿ ಬಣ್ಣದ ಮಬ್ಬಿನೊಳಗೆ, ದೂರದಲ್ಲಿ ಒಂದು ಕೆಂಪು ಕಿಡಿ ಹೊಳೆಯಿತು. ಆರಿತು. ಮತ್ತೆ ಹೊಳೆಯಿತು.

"ನಮ್ಮದು ಬಂತು," ಅಂದಳು ಕಮಲಿ.

ಹೆಂಗಸರು ಮುಖ ಮುಖ ನೋಡಿಕೊಂಡರು. ಅವರಿಗಿನ್ನೂ ಯಾವುದೂ ಗುರುತಾಗಿರಲಿಲ್ಲ. ದೋಣಿ ಹತ್ತಿರವಾದ ಮೇಲೆ ಒಬ್ಬಳು, "ಹೌದು ಕಮಲಕ್ಕ, ನಿಮ್ಮದೇ," ಅಂದಳು. ಯಾರೂ ನಗಲಿಲ್ಲ.

ಅವತ್ತು ಉಂಡಾದ ಮೇಲೆ ಅನೂಪ ಮೆಲ್ಲಗೆ ಕೇಳಿದ. "ಅಮ್ಮಾ, ಇನ್ನಾದರೂ ಕುಮಟೆಗೆ ಹೋಗಿ ಪೊರೆ ತೆಗೆಸಿಕೊಂಡು ಬರುವಾ?"

ಬೈಗುಳ ಬರುತ್ತದೆ ಅಂತ ಅವನು ಕಾದ. ಬರಲಿಲ್ಲ.

"ಬೇಡ ತಮಾ," ಅಂದಳು ಕಮಲಿ. "ನನ್ನ ಕಣ್ಣು ಹಾಳಾಗಿದ್ದು ಹೌದು. ದೋಣಿ ಕಾಣ್ತದೆ, ಒಳಗೆ ಇಬ್ಬರು ನಿಂತಿದ್ದೂ ಕಾಣ್ತದೆ. ಯಾರು ಯಾರು ಅಂತ ಕಾಣೋದಿಲ್ಲ. ದಡ ಮುಟ್ಟುವ ತನಕ ನೀವು ಅಣ್ಣ-ತಮ್ಮ ಇಬ್ಬರೂ ಬರ್ತಾ ಇರ್ತೀರಿ. ಅಷ್ಟು ಹೊತ್ತು ನಂಗೆ ಸಾಕು."

ಮರುದಿನ ದೋಣಿ ಬರುವ ಹೊತ್ತಿಗೆ ಕಮಲಿ ಬುಟ್ಟಿ ಎತ್ತಿಕೊಂಡು, ಎಲ್ಲರಿಗಿಂತ ಮೊದಲೇ ದಡಕ್ಕೆ ಹೋಗಿ ಕೂತಳು.